ಸಮುದ್ರದ ತಳದಲ್ಲಿ ಕೆಂಪು ದಾರ

ಇಳಕಲ್,
೩–೭–೨೦೨೪

ಮಹಾಂತೇಶಣ್ಣನವರಿಗೆ ಅಯೂಬನ ತಂಗಿ ನಿಖತ ಮಾಡುವ ಸಲಾಂ.

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಐದನೆಯ ಇಯತ್ತೆ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದು ರೇಷನ್ ಅಂಗಡಿಯಲ್ಲಿ ಸಹಿ ಮಾಡಲು ಮಾತ್ರ. ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ಅಲ್ಲಲ್ಲಿ ನೀವೇ ಸರಿಮಾಡಿಕೊಂಡು ಓದಿರಿ. ಎರಡು ಹಾಳೆ ಹರಿದುಹಾಕಿ ಇದು ಮೂರನೆಯದು.

ಪತ್ರ ಯಾಕೆ, ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಜೋಹರಾ ಭಾಭಿ ಹದಿನಾರು ಸಲ ಮಾಡಿದಳು. ನೀವು ಎತ್ತಲಿಲ್ಲ. ಎತ್ತಿದ್ದರೂ ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ನೀವು ಹೈಸ್ಕೂಲಿಗೆಂದು ಇಲ್ಲಿ ಹಾಸ್ಟೆಲಿನಲ್ಲಿದ್ದಾಗ ಭಾಯಿಯ ಜೊತೆ ಪ್ರತಿ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಿರಿ. ನಾನು ಬಾಗಿಲ ಹಿಂದೆ ನಿಂತು ರೊಟ್ಟಿಯ ಬುಟ್ಟಿಯನ್ನು ಮುಂದೆ ದಬ್ಬುತ್ತಿದ್ದೆ. "ಈ ಹುಡುಗಿಗೆ ಕೈ ಅಷ್ಟ ಅದಾವೇನ್ರಿ, ಮುಖಾ ಇಲ್ಲೇನ್ರಿ?" ಎಂದು ನೀವು ಅಮ್ಮಿಯನ್ನು ಕೇಳಿದ್ದಿರಿ. ಆ ಹುಡುಗಿಯೇ ಇದನ್ನು ಬರೆಯುತ್ತಿದ್ದಾಳೆ.

ಅಮ್ಮಿ ಹೇಳಿ ಬರೆಸುತ್ತಿರುವುದು ಒಂದೇ ಮಾತು. ಅದಕ್ಕೆ ಮೊದಲು ಇದನ್ನು ನೆನಪಿಸು ಎಂದಳು. ಕಾರವಾರದಲ್ಲಿ ನಿಮ್ಮ ಜೊತೆ ಕೆಲಸಕ್ಕಿದ್ದ ಭಾಯಿ ಏಪ್ರಿಲಿನಲ್ಲಿ ಈದ್‌ಗೆ ಬಂದಾಗ ತನ್ನ ಫೋನಿನಲ್ಲಿ ನೀವು ತೆಗೆದ ಸಮುದ್ರದ ತಳವನ್ನು ತೋರಿಸಿದ್ದ. ಪೈಪಿನ ಚೌಕಟ್ಟಿಗೆ ಕ್ಯಾಮರಾ ಕಟ್ಟಿ, ಮುಂದೆ ಒಂದು ಚೀಲದಲ್ಲಿ ಮೀನಿನ ಚೂರು ತೂಗುಹಾಕಿ, ಹಗ್ಗದಿಂದ ಕೆಳಗೆ ಬಿಡುವುದು, ತಾಸಿನ ಮೇಲೆ ಎಳೆಯುವುದು, ಯಾವ ಯಾವ ಜೀವ ಬಂದು ಹೋದವು ಎಂದು ನೀವು ಕೂತು ಎಣಿಸುವುದು. ಅಮ್ಮಿ ಬೆರಗಾಗಿ, "ಅಷ್ಟ ಕತ್ತಲ್ಯಾಗ ಕಾಣ್ತೈತೇನೋ?" ಎಂದಳು. ಭಾಯಿ ಮೀಸೆ ತಿರುವಿ, "ನನ್ನ ಕ್ಯಾಮರಾದಾಗ ಸಮುದ್ರದ ತಳಾ ಎಲ್ಲಾ ಕಾಣ್ತೈತಿ ಅಮ್ಮಿ. ಒಂದು ಸೂಜಿ ಬಿದ್ರೂ ಕಾಣ್ತೈತಿ" ಎಂದ. ಹೋಗುವಾಗ ಮಗ್ಗಕ್ಕೆ ಕಟ್ಟಿದ ಸೆರಗಿನ ಹಾಸಿನಲ್ಲಿ ನೇಯದೆ ಉಳಿದ ಕೆಂಪು ರೇಶಿಮೆ ಎಳೆಗಳನ್ನು ಒಂದು ಹಿಡಿ ಕೇಳಿ ಒಯ್ದ. ಯಾಕೆ ಎಂದರೆ, ಚೌಕಟ್ಟಿಗೆ ಕಟ್ಟುತ್ತೇನೆ, ತಳದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ಅದು ತೋರಿಸುತ್ತದೆ ಎಂದ.

ಮೇ ಇಪ್ಪತ್ತನಾಲ್ಕಕ್ಕೆ ಅವನು ನಿಮ್ಮ ದೋಣಿಯಿಂದ ಬಿದ್ದ. ನಾಲ್ಕು ದಿನ ಹುಡುಕಿದರು, ಸಿಗಲಿಲ್ಲ. ಆಮೇಲೆ ಮಳೆ ಹಿಡಿಯಿತು, ಸಮುದ್ರಕ್ಕೆ ದೋಣಿ ಇಳಿಸುವುದು ಬಂದ್ ಆಯಿತು.

ಜಮಾತಿನ ಹಿರಿಯರು ಮನೆಗೆ ಬಂದು ಅಮ್ಮಿಗೆ ತಿಳಿಸಿ ಹೇಳಿದರು. ಸತ್ತವರ ನಮಾಜು ಮಾಡೋಣ, ಸೊಸೆಯನ್ನು ಇದ್ದತ್‌ಗೆ, ಅಂದರೆ ಗಂಡ ತೀರಿದವಳು ಮನೆಯೊಳಗೇ ಕಳೆಯುವ ದಿನಗಳಿಗೆ, ಕೂರಿಸು ಎಂದರು. ಅಮ್ಮಿ ಒಪ್ಪಲಿಲ್ಲ. "ನಾ ನೋಡದ ಮಗನ್ನ ನೀವು ಹ್ಯಾಂಗ ಹೂಳ್ತೀರಿ?" ಎಂದಳು. ಭಾಭಿ ಮದುವೆಯಾಗಿ ಬಂದು ಆರು ತಿಂಗಳೂ ಆಗಿರಲಿಲ್ಲ. ಈಗ ಅವಳು ಹಸಿರು ಬಳೆ ಹಾಕಿಕೊಂಡು, ಅತ್ತರೆ ಅಮ್ಮಿ ಬೈಯುತ್ತಾಳೆಂದು ಅಳದೆ, ಲಾಳಿಗೆ ದಾರದ ಕಂಡಿಕೆ ಸುತ್ತುತ್ತಾ ಕೂತಿರುತ್ತಾಳೆ.

ಅಮ್ಮಿಯ ಮಾತು ಇಷ್ಟೇ: ಸಮುದ್ರ ತೆರೆದ ಮೇಲೆ ನಿಮ್ಮ ಕ್ಯಾಮರಾ ಬಿಟ್ಟು ಅವನನ್ನು ಹುಡುಕಿರಿ. ಎಲ್ಲಿದ್ದಾನೆ ಎಂದು ತೋರಿಸಿರಿ. ಅವಳು ನೋಡಬೇಕು.

ತಪ್ಪಿದ್ದರೆ ಮಾಫಿ ಇರಲಿ.
ನಿಖತ


ಇಳಕಲ್,
೨೨–೮–೨೦೨೪

ಮಹಾಂತೇಶಣ್ಣನವರಿಗೆ ಸಲಾಂ.

ಮೊದಲಿನ ಕಾಗದ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಅಂಚೆಯವರನ್ನು ಅಮ್ಮಿ ದಿನಾ ಕೇಳುತ್ತಾಳೆ. "ಸಮುದ್ರ ತೆರದೈತ್ರಿ, ಆಗಸ್ಟದಾಗ ದೋಣಿ ಬಿಡ್ತಾರಂತ" ಎಂದು ಅವರಿಗೇ ಹೇಳುತ್ತಾಳೆ. ಅವರು ಪಾಪ, ಹೂಂ ಎನ್ನುತ್ತಾರೆ.

ಹೋದ ಶುಕ್ರವಾರ ಪಾತ್ರೆ ತೊಳೆಯುವಾಗ ಭಾಭಿಯ ಒಂದು ಬಳೆ ಒಡೆಯಿತು. ಅವಳು ಚೂರನ್ನು ಎತ್ತಿ ಹೊರಗೆ ಒಗೆದು ಮತ್ತೆ ಪಾತ್ರೆಗೆ ಕೈ ಹಾಕಿದಳು. ಅಮ್ಮಿ ನೋಡಿದಳು. ಕೈ ಹಿಡಿದು ಬಳೆಗಾರ್ತಿ ಮಲ್ಲಮ್ಮನ ಹತ್ತಿರ ಕರೆದುಕೊಂಡು ಹೋಗಿ, ಅದೇ ಬಣ್ಣದ ಒಂದು ಬಳೆ ಏರಿಸಿದಳು. ಮಲ್ಲಮ್ಮನಿಗೆ ಎಲ್ಲ ಗೊತ್ತು. ಅವಳು ಭಾಭಿಯ ಮುಖ ನೋಡದೆ ಬಳೆ ಇಟ್ಟಳು. ಜೊತೆಗೆ ಹೋಗಿದ್ದ ನನಗೆ ಭಾಭಿ ದಾರಿಯಲ್ಲಿ, "ನಿಖತ, ಮಲ್ಲಮ್ಮ ನನ್ನ ಕೈ ಭಾಳ ಮೆತ್ತಗ ಹಿಡದಿದ್ಳು. ಬೈದಿದ್ರ ಛಲೋ ಇತ್ತು" ಎಂದಳು.

ಆಗುವುದಿಲ್ಲ ಎಂದಾದರೂ ಬರೆಯಿರಿ. ಅದನ್ನು ನಾನು ಅಮ್ಮಿಗೆ ಓದಿ ಹೇಳುತ್ತೇನೆ.

ನಿಖತ


ಕಾರವಾರ,
೯ ಸೆಪ್ಟೆಂಬರ್ ೨೦೨೪

ತಂಗಿ ನಿಖತಳಿಗೆ,

ಎರಡೂ ಪತ್ರ ಮುಟ್ಟಿವೆ. ತಡವಾಯಿತು.

ಅಮ್ಮಿಗೆ ದಯವಿಟ್ಟು ಹೀಗೆ ತಿಳಿಸಿ ಹೇಳು. ನಮ್ಮ ಕ್ಯಾಮರಾ ಇದ್ದಲ್ಲಿಂದ ಎರಡು ಮೂರು ಮಾರು ದೂರದಷ್ಟೇ ತೋರಿಸುತ್ತದೆ. ನೀರು ಎಷ್ಟೇ ತಿಳಿಯಾಗಿದ್ದರೂ ಅದರಾಚೆ ಮಂಜಿನ ಹಾಗೆ. ಈಗಂತೂ ನದಿಯ ಕೆಂಪು ನೀರು ಇಳಿದು ತಳದಲ್ಲಿ ನಮ್ಮ ಕೈ ನಮಗೇ ಕಾಣುವುದಿಲ್ಲ. ನವೆಂಬರಿನವರೆಗೆ ನಾವು ಚೌಕಟ್ಟು ಇಳಿಸುವುದಿಲ್ಲ. ಅದು ಇರುವುದು ಒಂದು ಜಾಗದಲ್ಲಿ ಕೂತು, ಹಸಿದು ಬರುವ ಜೀವಗಳನ್ನು ನೋಡುವುದಕ್ಕೆ. ಹುಡುಕಿಕೊಂಡು ಹೋಗುವುದಕ್ಕಲ್ಲ. ಇಷ್ಟು ತಿಂಗಳಾದ ಮೇಲೆ ಸಮುದ್ರ ಯಾವುದನ್ನೂ ಇದ್ದಲ್ಲಿ ಇಟ್ಟಿರುವುದಿಲ್ಲ.

ಅಯೂಬ ಎಲ್ಲಾ ಕಾಣುತ್ತದೆ ಎಂದದ್ದು ಅಮ್ಮಿಯನ್ನು ಖುಷಿಪಡಿಸಲು.

ನಮ್ಮೂರಿನಲ್ಲಿ ನನ್ನ ಅವ್ವ ರೇಣವ್ವ ಬೀರಪ್ಪನ ಗುಡಿಯಲ್ಲಿ ಅವನ ಹೆಸರಿನಲ್ಲಿ ದೀಪ ಹಚ್ಚಿದ್ದಾಳೆ.

ಮಹಾಂತೇಶ


ಇಳಕಲ್,
೩೦–೯–೨೦೨೪

ಮಹಾಂತೇಶಣ್ಣನವರಿಗೆ ಸಲಾಂ.

ನಿಮ್ಮ ಪತ್ರವನ್ನು ಎರಡು ಸಲ ಓದಿ ಹೇಳಿದೆ. ಅಮ್ಮಿ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಕೇಳಿದಳು. ಕೇಳಿ, ಲಾಳಿ ಕೆಳಗಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಎರಡು ಮಾರು ಕಾಣ್ತೈತಿ ಅಂದ್ರ ಭಾಳ ಆತು. ನಾ ಸೀರಿ ಹ್ಯಾಂಗ ನೇಯ್ತೇನಿ? ಒಂದೊಂದ ಎಳಿ. ಅಂವಾ ಒಂದೊಂದ ಮಾರು ನೋಡ್ಕೋತ ಹೋಗ್ಲಿ. ಎಂದರ ಒಂದಿನ ಮುಗೀತೈತಿ."

ಹೇಳಿ ಮತ್ತೆ ಲಾಳಿ ಎತ್ತಿಕೊಂಡಳು.

ಭಾಭಿಯ ಅಣ್ಣ ಫಾರೂಕ ಭಾಯಿ ಬಾದಾಮಿಯಿಂದ ಬಂದಿದ್ದರು. ಗುಹೆಗಳ ಹತ್ತಿರ ಬರುವವರ ಫೋಟೋ ತೆಗೆದುಕೊಡುವ ಕೆಲಸ ಅವರದು, ನಿಮಗೆ ಗೊತ್ತಿರಬಹುದು. ತಂಗಿಯನ್ನು ಕರೆದೊಯ್ಯುತ್ತೇನೆ ಎಂದರು. ಅಮ್ಮಿ, "ಗಂಡ ಬಂದು ಕೇಳಿದ್ರ ನಾ ಏನ್ ಹೇಳ್ಲಿ, ಸೊಸಿನ್ನ ಎಲ್ಲಿ ಕಳಿಸಿದಿ ಅಂದ್ರ?" ಎಂದಳು. ಫಾರೂಕ ಭಾಯಿ ತಡೆಯದೆ, "ಖಾಲಾ, ಅಂವಾ ಬರಾಂಗಿಲ್ಲ. ಇಡೀ ಊರಿಗೆ ಗೊತ್ತೈತಿ. ನಿಮ್ಮ ಮಗಾ ಹೋದಾ, ನನ್ನ ತಂಗಿ ಯಾಕ ಹೋಗ್ಬೇಕು?" ಎಂದರು. ಅಮ್ಮಿ ಅವರಿಗೆ ಚಹಾ ಕೊಟ್ಟಳು. ಅವರು ಕುಡಿಯದೆ ಎದ್ದರು. ಭಾಭಿ ಬಾಗಿಲ ತನಕ ಹೋದವಳು ತಿರುಗಿ ಬಂದು ಆ ಚಹಾವನ್ನು ತಾನೇ ಕುಡಿದು ಕಪ್ಪು ತೊಳೆದಿಟ್ಟಳು. ಹೋಗುವುದಿದ್ದರೆ ಅವಳು ಹೋಗಬಹುದಿತ್ತು. ಆದರೆ ಅವಳು ಹೋದರೆ ಅಮ್ಮಿ ಒಬ್ಬಳೇ ಕಾಯುತ್ತಾಳೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಅಣ್ಣಾ, ನನ್ನದೊಂದು ಮಾತಿದೆ. ಇದು ಅಮ್ಮಿ ಬರೆಸಿದ್ದಲ್ಲ. ನನ್ನ ಕೆಲಸ ಸೀರೆಯ ಒಡಲಿನ ಹಾಸಿನ ಉದ್ದೆಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೂಡಿಸುವುದು. ಒಂದು ಎಳೆಯ ಕೊಕ್ಕೆಯಲ್ಲಿ ಇನ್ನೊಂದನ್ನು ಸಿಕ್ಕಿಸುತ್ತಾ ಸಾವಿರಾರು ಎಳೆ. ನಡುವೆ ಒಂದು ಬಿಟ್ಟರೂ ಬೆರಳಿಗೆ ತಿಳಿಯುತ್ತದೆ. ನಿಮ್ಮ ಪತ್ರದಲ್ಲಿ ನೀರು ಇದೆ, ಕ್ಯಾಮರಾ ಇದೆ, ನಿಮ್ಮ ಅವ್ವ ಇದ್ದಾರೆ. ಆ ದಿನ ಇಲ್ಲ. ಅವನು ಹೇಗೆ ಬಿದ್ದ ಎಂದು ಯಾರೂ ನಮಗೆ ಹೇಳಿಲ್ಲ.

ನಿಖತ


ಕಾರವಾರ,
೨೪ ನವೆಂಬರ್ ೨೦೨೪

ತಂಗಿ ನಿಖತ,

ನಿನ್ನ ಪತ್ರ ಬಂದು ಏಳೆಂಟು ವಾರವಾಯಿತು. ಅದು ನನ್ನ ಮೇಜಿನ ಖಾನೆಯಲ್ಲಿತ್ತು. ಖಾನೆ ತೆಗೆಯುವುದನ್ನೇ ಬಿಟ್ಟಿದ್ದೆ.

ಆ ದಿನ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸಣ್ಣ ನಡುಗಡ್ಡೆಯ ಹತ್ತಿರ ಚೌಕಟ್ಟು ಇಳಿಸಿದೆವು. ಆಳ ಹದಿನಾಲ್ಕು ಮೀಟರ್. ಮಳೆಗೆ ಮೊದಲು ಅದೇ ಕೊನೆಯದಾಗಬೇಕಿತ್ತು. ತಾಸಿನ ಮೇಲೆ ಅಯೂಬ ಹಗ್ಗದ ತುದಿಯ ತೇಲುಬುರುಡೆ ಬಿಚ್ಚಿ ಒಳಗಿಟ್ಟು ಹಗ್ಗ ಎಳೆಯತೊಡಗಿದ. ಚೌಕಟ್ಟು ಬಂಡೆಗೆ ಸಿಕ್ಕಿತ್ತು. ಅಷ್ಟರಲ್ಲಿ ಅಲೆ ಎದ್ದಿದ್ದವು. ದೋಣಿಯವರು, "ಬಿಟ್ಟುಹಾಕಿ ಮಾರಾಯ್ರೆ, ನಾಳೆ ಬಂದು ತೆಗೆಯುವಾ" ಎಂದರು. ಅಯೂಬ ನನ್ನ ಮುಖ ನೋಡಿದ.

ನಾನು, "ಬಿಡಬ್ಯಾಡ ಲೇ, ಜಗ್ಗು" ಎಂದೆ.

ಅವನು ಜಗ್ಗಿದ. ಒಂದು ಅಲೆ ದೋಣಿಯನ್ನು ಅವನ ಕಡೆಗೇ ಎತ್ತಿಹಾಕಿತು. ಹಗ್ಗದ ಸಮೇತ ಹೋದ. ತೇಲುವ ಜಾಕೆಟ್ಟನ್ನು ಸೆಕೆಯೆಂದು ಬಿಚ್ಚಿ ಅದರ ಮೇಲೆ ಕೂತಿದ್ದ. ಹಾಕಿಕೋ ಎಂದು ನಾನು ಹೇಳಿರಲಿಲ್ಲ. ಒಂದು ಸಲ ಅವನ ತಲೆ ಕಂಡಿತು. ಬಳೆಯಂಥ ಟ್ಯೂಬು ಎಸೆದೆವು. ನಾನೂ ಹಾರಿದೆ. ನನ್ನನ್ನು ದೋಣಿಯವರು ಎಳೆದುಕೊಂಡರು.

ವಿಚಾರಣೆಯಲ್ಲಿ, ಅಲೆ ಬಂತು, ಬಿದ್ದ ಎಂದು ಹೇಳಿದೆ. ಅದು ಸುಳ್ಳಲ್ಲ. ಅದಕ್ಕೇ ಆರು ತಿಂಗಳು ಅದರ ಮರೆಯಲ್ಲಿ ಕೂತಿದ್ದೆ. ಅವನನ್ನು ಆ ಕೆಲಸಕ್ಕೆ ಕರೆತಂದವನು ನಾನು. ಜಗ್ಗು ಎಂದವನೂ ನಾನು.

ಈಗ ಇನ್ನೊಂದು ವಿಷಯ. ಈ ತಿಂಗಳು ಹನ್ನೆರಡಕ್ಕೆ ನೀರು ತಿಳಿಯಾಯಿತು. ಗುರುತು ಹಾಕಿಕೊಂಡಿದ್ದ ಜಾಗದಲ್ಲಿ ಮುಳುಗುಗಾರರು ಇಳಿದರು. ಚೌಕಟ್ಟು ಅಲ್ಲೇ ಇದೆ. ಅದರ ಮೈಮೇಲೆಲ್ಲ ಸಣ್ಣ ಚಿಪ್ಪುಗಳು ಬೆಳೆದಿವೆ. ಒಂದು ಪೈಪಿನೊಳಗೆ ಆಕ್ಟೋಪಸ್ ಮನೆ ಮಾಡಿ, ಅಕ್ಕಿ ಕಾಳಿನಂಥ ತತ್ತಿಗಳನ್ನು ಗೊಂಡೆಗೊಂಡೆಯಾಗಿ ತೂಗುಹಾಕಿ ಕಾಯುತ್ತಿದೆ. ತತ್ತಿ ಒಡೆಯುವವರೆಗೆ ಅದು ಅಲ್ಲಿಂದ ಕದಲುವುದಿಲ್ಲ. ಹಾಗಾಗಿ ಚೌಕಟ್ಟನ್ನು ಎತ್ತಬೇಡಿ ಎಂದೆ. ಕ್ಯಾಮರಾವನ್ನಷ್ಟೇ ಬಿಚ್ಚಿ ತಂದರು. ಅದರ ಪೆಟ್ಟಿಗೆಯೊಳಗೆ ಹನಿ ನೀರು ಹೋಗಿರಲಿಲ್ಲ. ಆ ದಿನದ ಚಿತ್ರ ಹಾಗೇ ಇದೆ.

ಅಮ್ಮಿ ಕೇಳಿದ್ದು ಅದರಲ್ಲಿ ಇಲ್ಲ. ಅವನು ಆ ಚಿತ್ರದಲ್ಲಿರುವುದು ಮೊದಲಿನ ಒಂದು ನಿಮಿಷ ಮಾತ್ರ, ದೋಣಿಯ ಮೇಲೆ, ಪಾಟಿ ಹಿಡಿದುಕೊಂಡು. ಪ್ರತಿ ಸಲ ಇಳಿಸುವ ಮೊದಲು ದಿನಾಂಕ ಬರೆದ ಪಾಟಿಯನ್ನು ಕ್ಯಾಮರಾಕ್ಕೆ ತೋರಿಸಬೇಕು, ಅದು ಅವನ ಕೆಲಸ. ಆಮೇಲೆ ತಳ. ಒಂದು ತಾಸು ಐದು ನಿಮಿಷಕ್ಕೆ ಚೌಕಟ್ಟು ಅಲುಗುತ್ತದೆ. ಆಮೇಲೆ ಹಗ್ಗ ಮೇಲಿನಿಂದ ಬಂದು ಬೀಳುತ್ತದೆ, ಪೂರ್ತಿ ಹಗ್ಗ, ಸುತ್ತುಸುತ್ತಾಗಿ. ಆಮೇಲೆ ಬ್ಯಾಟರಿ ಮುಗಿಯುವ ತನಕ ನಲವತ್ತು ನಿಮಿಷ.

ಅವನು ಕಟ್ಟಿದ ಕೆಂಪು ಎಳೆಗಳು ಮೂಲೆಯಲ್ಲಿ ಕಾಣುತ್ತವೆ. ಚೌಕಟ್ಟಿಗೆ ದಿಕ್ಸೂಚಿಯೂ ಇದೆ. ಹಗ್ಗ ಬಿದ್ದ ಹೊತ್ತಿನಲ್ಲಿ ಎಳೆಗಳು ಪಶ್ಚಿಮಕ್ಕೆ ತಿರುಗಿ ನೆಟ್ಟಗೆ ನಿಂತಿವೆ. ನೀರು ಹೊರಗಡಲಿಗೆ ಹರಿಯುತ್ತಿತ್ತು. ನಾವು ನಾಲ್ಕು ದಿನ ಹುಡುಕಿದ್ದು ದಡದ ಕಡೆ.

ನಾನು ಜಗ್ಗು ಎಂದದ್ದು ಅದರಲ್ಲಿ ಕೇಳಿಸುವುದಿಲ್ಲ. ಮೂರು ಸಲ ನೋಡಿದೆ. ಇಲ್ಲ. ಇಲ್ಲ ಎಂದು ಗೊತ್ತಾದ ಮೇಲೆ ಹೇಳದೆ ಇರಲು ಆಗಲಿಲ್ಲ.

ಚಿತ್ರವನ್ನು ಚಿಕ್ಕ ಪೆನ್‌ಡ್ರೈವಿನಲ್ಲಿ ಹಾಕಿ ಇದರೊಡನೆ ಕಳಿಸುತ್ತಿದ್ದೇನೆ. ನಾನೇ ತರಬೇಕಿತ್ತು.

ಮಹಾಂತೇಶ


ಇಳಕಲ್,
೮–೧೨–೨೦೨೪

ಮಹಾಂತೇಶಣ್ಣನವರಿಗೆ ಸಲಾಂ.

ರಿಜಿಸ್ಟರ್ ಮುಟ್ಟಿತು. ಫಾರೂಕ ಭಾಯಿಗೆ ಫೋನ್ ಮಾಡಿದೆ. ಹೌದು, ನಾನೇ ಮಾಡಿದೆ. "ಲ್ಯಾಪ್‌ಟಾಪ್ ತಗೊಂಡ ಬರ್ರಿ" ಎಂದು ಮೂರೇ ಮಾತು. ಮೊನ್ನೆ ತಂದರು.

ಅಮ್ಮಿ ಕುಣಿಯಿಂದ ಮೇಲೆ ಬರಲಿಲ್ಲ. ನೇಯ್ದ ಬಟ್ಟೆಯ ಮೇಲೆ ಒಂದು ಟವೆಲ್ ಹಾಸಿ, ಅದರ ಮೇಲೇ ಇಡು ಎಂದಳು. ಮೊದಲು ನಿಮ್ಮ ಪತ್ರ ಓದಿದೆ. ನೀವು ಜಗ್ಗು ಎಂದ ಸಾಲುಗಳನ್ನು ಬಿಟ್ಟು ಮುಂದಿನದಕ್ಕೆ ಹೋದೆ.

ಆಮೇಲೆ ಫಾರೂಕ ಭಾಯಿ ಚಿತ್ರ ಹಚ್ಚಿದರು. ಭಾಯಿಯ ಮುಖ ಒಮ್ಮೆಲೇ ಬಂತು, ಪರದೆಯ ತುಂಬ. ಅಂಗಿಯ ತುದಿಯಿಂದ ಕ್ಯಾಮರಾದ ಕಣ್ಣು ಒರೆಸುತ್ತಿದ್ದ. ಹಿಂದಿನಿಂದ ನಿಮ್ಮ ದನಿ: "ಲೇ ಅಯೂಬ, ಹಲ್ಲ ಕಿಸೀಬ್ಯಾಡ, ಪಾಟಿ ನೆಟ್ಟಗ ಹಿಡಿ." ಅವನು, "ಮೀನ ನೋಡ್ತಾವಲೇ. ಹೊಸಾ ಮದಿಮಗ ಅದೇನಿ, ಚಂದ ಕಾಣಬೇಕಲ್ಲ" ಎಂದ. ಆಮೇಲೆ ನಕ್ಕ. ಅಮ್ಮಿ, "ಗಡ್ಡಾ ತಗದಿಲ್ಲ ನೋಡು" ಎಂದಳು. ಭಾಭಿ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ಬಳೆ ಸಪ್ಪಳವಾಯಿತು. ಅಷ್ಟರಲ್ಲಿ ನೀರು ಬಂದು ಅವನು ಹೋದ.

ಫಾರೂಕ ಭಾಯಿ ಬೇಗ ಓಡಿಸಲಾ ಎಂದು ಕೇಳಿದರು. ಅಮ್ಮಿ ಬೇಡ ಎಂದಳು. ಇಡೀ ಒಂದು ತಾಸು ಮುಕ್ಕಾಲು ನೋಡಿದೆವು. ತಳ ಅಂದರೆ ಕತ್ತಲೆ ಎಂದುಕೊಂಡಿದ್ದೆ. ಮುಂಜಾನೆಯ ಹಾಗೆ ಹಸಿರು ಬೆಳಕು. ಶಂಖ ಹೊತ್ತ ಏಡಿಗಳು ಬಂದವು. ಒಂದು ಕಪ್ಪು ಚುಕ್ಕೆಯ ದಪ್ಪ ಮೀನು ಬಂದು ಎಲ್ಲರನ್ನೂ ಓಡಿಸಿ ಚೀಲ ಕಚ್ಚಿತು. ನೀವು ಎಣಿಸಿದ್ದೀರೋ ಇಲ್ಲವೋ, ಹನ್ನೊಂದನೆಯ ನಿಮಿಷದಿಂದ ಎಡಗಡೆ ಮರಳಿನಲ್ಲಿ ಎರಡು ಕಣ್ಣು ಇವೆ. ಇಪ್ಪತ್ತಾರಕ್ಕೆ ಮರಳು ಝಾಡಿಸಿಕೊಂಡು ಚಪ್ಪಟೆಯಾದದ್ದೊಂದು ಎದ್ದು ಹೋಯಿತು. ಅದನ್ನೂ ಬರೆದುಕೊಳ್ಳಿರಿ.

ಅಮ್ಮಿ ಇದಾವುದನ್ನೂ ನೋಡುತ್ತಿರಲಿಲ್ಲ. ಅವಳ ಬೆರಳು ಮೂಲೆಯಲ್ಲಿತ್ತು. "ಇದು ನನ್ನ ದಾರ" ಎಂದಳು. "ಬ್ಯಾರೆ ಯಾವುದೂ ಗುರುತ ಹತ್ತೂದಿಲ್ಲ, ಆದ್ರ ದಾರ ನಂದು. ಈ ಬಣ್ಣಾ ನಾನಽ ಆರಿಸಿದ್ದೆ." ಆ ಎಳೆಗಳು ಸುಮ್ಮನೆ ಅಲ್ಲಾಡುತ್ತಿದ್ದವು, ಅತ್ತ ಇತ್ತ, ನೆರಳಿಗೆ ಒಣಹಾಕಿದಾಗಿನ ಹಾಗೆ.

ಚೌಕಟ್ಟು ಅಲುಗಿತು. ಒಂದು ಸಲ, ಎರಡು ಸಲ ಜಗ್ಗಿತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಹಗ್ಗ ಬಂತು. ಮೆತ್ತಗೆ ಬಂತು ಅಣ್ಣಾ, ಯಾರೋ ಮೇಲಿಂದ ಸಾವಕಾಶ ಇಳಿಸಿದ ಹಾಗೆ. ತುದಿಯೂ ಬಂತು. ತುದಿಯಲ್ಲಿ ಏನೂ ಇರಲಿಲ್ಲ. ಆಗ ಕೆಂಪು ಎಳೆಗಳು ನೀವು ಬರೆದ ಹಾಗೆಯೇ ತಿರುಗಿ ನೆಟ್ಟಗೆ ನಿಂತವು.

"ಇದು ಯಾವ ಕಡೆ?" ಎಂದು ಅಮ್ಮಿ ಕೇಳಿದಳು. ಪಶ್ಚಿಮ ಎಂದೆ. ಅವಳು ಪರದೆ ಬಿಟ್ಟು ನಮ್ಮ ಪಡುವಣ ಗೋಡೆಯನ್ನು ನೋಡಿದಳು. ದಿನಕ್ಕೆ ಐದು ಸಲ ನಮಾಜಿಗೆ ಅವಳು ಮುಖ ಮಾಡಿ ನಿಲ್ಲುವುದು ಆ ಗೋಡೆಗೇ. ಕೊನೆಯ ನಲವತ್ತು ನಿಮಿಷ ಅವಳು ಆ ಎಳೆಗಳನ್ನೇ ನೋಡಿದಳು. ಒಂದು ಸಣ್ಣ ಏಡಿ ಹಗ್ಗದ ಮೇಲೆ ಹತ್ತಿ ಕೂತಿತು. ಪರದೆ ಕಪ್ಪಾಯಿತು. ಫಾರೂಕ ಭಾಯಿ ಮುಚ್ಚಲು ಕೈ ಹಾಕಿದರು. "ಇರ್ಲಿ" ಎಂದಳು.

ಆಮೇಲೆ ನನ್ನ ಕಡೆ ತಿರುಗಿ, "ಕಾಗದದಾಗ ಎರಡ ಸಾಲ ನುಂಗಿದಿ" ಎಂದಳು.

"ಇಲ್ಲ ಅಮ್ಮಿ."

"ನೇಕಾರ್ತಿಗೆ ಎಳಿ ತಪ್ಪಿದ್ದು ತಿಳಿಯಾಂಗಿಲ್ಲೇನ? ಓದು."

ಓದಿದೆ. ಅಮ್ಮಿ ಮಗ್ಗದ ಹಲಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಹೇಳಿದಳು: "ಆ ಹುಡುಗಗ ಬರಿ. ಅಯೂಬ ಹಗ್ಗ ಬಿಟ್ಟಾನ. ಹಗ್ಗ ಒಂದಽ ಬಂತು, ನಾ ಕಣ್ಣಾರೆ ನೋಡೀನಿ. ಹಿಡಕೋ ಅಂದವರ ಮಾತು ಹಿಡಕೊಂಡು ಅಂವಾ ತಳಕ್ಕ ಹೋಗಿಲ್ಲ. ಬಿಟ್ಟು, ನೀರು ಹರಿಯೂ ಕಡೆ ಹೋಗ್ಯಾನ. ಇಷ್ಟು ಬರಿ."

ಬರೆದಿದ್ದೇನೆ. ನನ್ನ ಮಾತು ಕೇಳಿದರೆ, ನನಗೆ ಅಷ್ಟು ಬೇಗ ಆಗುವುದಿಲ್ಲ. ಹದಿನಾರು ಸಲ ಫೋನ್ ಬಾರಿಸಿದ್ದನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಆದರೆ ನೀವು ಚಿತ್ರದಲ್ಲಿ ಕೇಳಿಸದೇ ಇದ್ದದ್ದನ್ನೂ ಬರೆದಿರಿ. ಅದನ್ನೂ ನಾನು ಓದಿದ್ದೇನೆ. ಭಾನುವಾರ ಯಾವಾಗ ಬಂದರೂ ರೊಟ್ಟಿ ಇರುತ್ತದೆ.

ನಿನ್ನೆ ಹಿರಿಯರು ನಮಾಜು ಮಾಡಿಸಿದರು. ಭಾಭಿಯ ಇದ್ದತ್ ಎಂದಿನಿಂದ ಎಂದು ಅಮ್ಮಿ ಕೇಳಿದಳು. ಅದು ಅವನು ಹೋದ ದಿನದಿಂದಲೇ ಎಣಿಕೆ, ನಾಲ್ಕು ತಿಂಗಳು ಹತ್ತು ದಿನ ಎಂದೋ ಮುಗಿದಿದೆ ಎಂದರು. ಅಮ್ಮಿ, "ಹಂಗಾರ ಆಕೀನ್ನ ನಾ ಕೂಡಾಕೂ ಬಿಡಲಿಲ್ಲ, ಏಳಾಕೂ ಬಿಡಲಿಲ್ಲ" ಎಂದಳು. ನಾಳೆ ಫಾರೂಕ ಭಾಯಿ ಅವಳನ್ನು ಬಾದಾಮಿಗೆ ಕರೆದೊಯ್ಯುತ್ತಾರೆ. ಸೆರಗು ಕೂಡಿಸುವುದನ್ನು ನನ್ನಿಂದ ಕಲಿತಿದ್ದಾಳೆ. ಬೇಕೆನಿಸಿದಾಗ ಬರುತ್ತಾಳೆ.

ಇವತ್ತು ಬೆಳಿಗ್ಗೆ ಅಮ್ಮಿ ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು ಭಾಭಿಯ ಎದುರು ಕೂತಳು. ಅವಳ ಕೈಗೆ ಸಾಬೂನು ಹಚ್ಚಿ, ಬೆರಳುಗಳನ್ನು ಒಂದರೊಳಗೊಂದು ಮಡಿಸಿ ಹಿಡಿದು, ಬಳೆಗಳನ್ನು ಒಂದೊಂದಾಗಿ ಸಾವಕಾಶ ಜಾರಿಸಿ ತೆಗೆದಳು. ಹನ್ನೆರಡರಲ್ಲಿ ಒಂದೂ ಒಡೆಯಲಿಲ್ಲ. ಒರೆಸಿ ಕಂಡಿಕೆಯ ಡಬ್ಬಿಯಲ್ಲಿಟ್ಟಿದ್ದಾಳೆ.

ನಿಖತ